ದೇವಿಯ ವಾರದ ಗುಳಿಗೆ

ಗುಳಿಗೆ ನುಂಗುವುದೇನು ಮಹಾ ಕೆಲಸ ಎಂದು ನೀವು ಅನ್ನಬಹುದು. ಬಾಯಿಗೆ ಹಾಕಿ ಮೇಲೊಂದು ಗುಟುಕು ನೀರು ಕುಡಿದರೆ ಆಯಿತಲ್ಲ. ಹಾಗೆ ಅನ್ನುವವರನ್ನು ಒಂದು ದಿನ ಕುಂದಾಳ ಬೆಂಚಿನ ಮೇಲೆ ಕೂಡಿಸಬೇಕಿತ್ತು. ಬೆಳಗಾವಿಯ ಒಂದು ದವಾಖಾನೆಯಲ್ಲಿ ಅವಳು ನರ್ಸು. ವಾಸಿಯಾಗಿ ಮನೆಗೆ ಹೊರಟವರನ್ನು ವರಾಂಡದ ಬೆಂಚಿನ ಮೇಲೆ ಕೂಡಿಸಿಕೊಂಡು, ಯಾವ ಔಷಧಿ ಯಾವಾಗ ತೆಗೆದುಕೊಳ್ಳಬೇಕೆಂದು ಹೇಳಿಕೊಡುವುದು ಅವಳ ಕೆಲಸ. ಸಾಂಬ್ರಾದ ಒಬ್ಬ ಗೌಡ ಒಂದು ವಾರದ ಗುಳಿಗೆಗಳನ್ನು ಒಂದೇ ದಿನ ನುಂಗಿ, ಲಗೂನ ಆರಾಮ ಆಗಲಿ ಅಂತ ನುಂಗಿದ್ನಿರಿ ಅಂದಿದ್ದ. ಖಾನಾಪುರ ಕಡೆಯ ಒಬ್ಬಳು ತನ್ನ ಕೆಮ್ಮಿನ ಗುಳಿಗೆಯಲ್ಲಿ ಅರ್ಧ ಮುರಿದು ಎಮ್ಮೆಗೆ ತಿನ್ನಿಸಿದ್ದಳು, ಯಾಕೆಂದರೆ ಎಮ್ಮೆಯೂ ಕೆಮ್ಮುತ್ತಿತ್ತು. ಕುಂದಾ ಯಾರನ್ನೂ ಬೈದವಳಲ್ಲ. ಅವರವರ ರೊಟ್ಟಿ, ಚಹಾ, ಸಂತೆಯ ಲೆಕ್ಕದಲ್ಲಿಯೇ ಅವರಿಗೆ ತಿಳಿಸಿ ಕಳಿಸುವಳು.

ಎದೆಯ ರೋಗಕ್ಕೆ ಕೊಡುವ ಸಣ್ಣ ಬಿಳಿ ಗುಳಿಗೆಯೊಂದು ಮಾತ್ರ ಬಲು ತಂಟೆಯದು. ದಿನಾ ತೆಗೆದುಕೊಂಡರೆ ಮೈಯಲ್ಲಿ ಕೂಡಿಕೊಂಡು ವಿಷವಾಗುತ್ತದೆ, ಅದಕ್ಕೆ ವಾರದಲ್ಲಿ ಎರಡು ದಿನ ಬಿಡಬೇಕು. ಕುಂದಾ ಇದಕ್ಕೊಂದು ಯುಕ್ತಿ ಕಂಡುಕೊಂಡಿದ್ದಳು.

"ಮಂಗಳವಾರ, ಶುಕ್ರವಾರ ಯಲ್ಲಮ್ಮನ ವಾರ ಹೌದಲ್ಲರಿ? ನಿಮಗ ಉಪವಾಸ. ಅವತ್ತ ಗುಳಿಗಿಗೂ ಉಪವಾಸ. ತಿಳೀತಿಲ್ಲೋ?"

ಮಂದಿ ನಗುತ್ತಿದ್ದರು, ಮರೆಯುತ್ತಿರಲಿಲ್ಲ. ಈ ಯುಕ್ತಿಯ ಬಗ್ಗೆ ಕುಂದಾಳಿಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಎಮರ್ಜೆನ್ಸಿ ಮುಗಿದ ಮರುವರ್ಷ ದೀಪಾವಳಿಯಾದ ಮೇಲೆ ಆ ಗುಳಿಗೆ ಅವಳ ಮನೆಗೇ ಬಂತು. ಅತ್ತೆ ಚಂದ್ರಭಾಗಾ ಖಾನಾಪುರದಲ್ಲಿ ಹಿರಿಯ ಮಗ ಅವಧೂತನ ಹತ್ತಿರ ಇದ್ದಳು. ಅವನದು ಹಂಚಿನ ಭಟ್ಟಿ. ಮುದುಕಿಗೆ ಕಾಲು ಬಾತು, ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿದಾಗ ಅವಧೂತ ಅವಳನ್ನು ತನ್ನ ಹಂಚಿನ ಟ್ರಕ್ಕಿನಲ್ಲಿಯೇ ಮುಂದೆ ಕೂಡಿಸಿಕೊಂಡು ಬಂದ. ಡಾಕ್ಟರು ಎದೆ ಸೋತಿದೆ ಎಂದರು. ಕೆಲವು ದಿನ ಒಳಗಿಟ್ಟುಕೊಂಡು, ಗುಳಿಗೆ ಬರೆದುಕೊಟ್ಟು, ದವಾಖಾನೆಗೆ ಹತ್ತಿರ ಇರಲಿ ಎಂದು ಹೇಳಿ ಕಳಿಸಿದರು. ಹೀಗಾಗಿ ಮುದುಕಿ ಅನಗೋಳದ ಓಣಿಯಲ್ಲಿದ್ದ ಕಿರಿಯ ಮಗ ಮಧುಕರನ ಮನೆಗೆ ಬಂದಳು. ಜೊತೆಗೆ ಅವಳ ಯಲ್ಲಮ್ಮನ ಬೆಳ್ಳಿಯ ಮುಖ, ಭಂಡಾರದ ಹಿತ್ತಾಳೆ ಬಟ್ಟಲು ಕೂಡ ಬಂದವು. ಯಲ್ಲಮ್ಮನ ಅರಿಷಿಣಕ್ಕೆ ನಮ್ಮ ಕಡೆ ಭಂಡಾರ ಅನ್ನುತ್ತಾರೆ. ದೇವಿಗೆ ತೋರಿಸದೆ, ಚಿಟಿಕೆ ಭಂಡಾರ ಸೋಕಿಸದೆ ಅವಳು ಒಂದು ತುತ್ತನ್ನೂ ಬಾಯಿಗೆ ಇಟ್ಟವಳಲ್ಲ.

ಮೊದಲ ದಿನವೇ ತಕರಾರು. ಕುಂದಾ ನಾಡಿ ನೋಡಲು ಕೈ ಚಾಚಿದರೆ ಮುದುಕಿ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿನ್ನ ಕೈ ಬ್ಯಾಡ ನನಗ."

"ನಾಡಿ ಒಂದ ನೋಡತೀನ್ರಿ ಆಯಿ. ದಿನಾ ನೋಡಬೇಕಂತ ಡಾಕ್ಟರ್ ಹೇಳ್ಯಾರ."

"ಊರ ಮಂದಿ ನಾಡಿ ನೋಡು, ಹೋಗು. ಮನ್ಯಾಗಿಂದು ನೋಡಿದ್ದು ಸಾಕು."

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ನಾಲ್ಕು ವರ್ಷಗಳ ಹಿಂದೆ ಕುಂದಾಳ ಮಗಳು ಶಕು ಜ್ವರದಲ್ಲಿ ತೀರಿಕೊಂಡಿದ್ದಳು. ಮೂರು ವರ್ಷದ ಕೂಸು, ಒಬ್ಬಳೇ ಮಗಳು. ಹೋಗುವಾಗ ವಾರ್ಡಿನಲ್ಲಿ ಕುಂದಾ ಒಬ್ಬಳೇ ಇದ್ದಳು. ಅಂದಿನಿಂದ ಚಂದ್ರಭಾಗಾ ಈ ಸೊಸೆಯ ಕೈಯಿಂದ ನೀರನ್ನೂ ಸರಿಯಾಗಿ ಇಸಿದುಕೊಂಡಿರಲಿಲ್ಲ.

"ಇರಲಿ ಬಿಡು, ಗುಳಿಗಿ ನಾ ಕೊಡತೀನಿ," ಅಂದ ಮಧುಕರ. ಅವನು ಟಪಾಲು ಕಚೇರಿಯ ಗುಮಾಸ್ತ, ಜಗಳ ಕಂಡರೆ ಚಪ್ಪಲಿ ಮೆಟ್ಟಿ ಹೊರಗೆ ನಡೆಯುವ ಪೈಕಿ. ಕುಂದಾ ಅವನಿಗೆ ಬಾಟಲಿ ತೋರಿಸಿ, ಮಂಗಳವಾರ, ಶುಕ್ರವಾರ ಕೊಡಬಾರದೆಂದು ಹೇಳಿದಳು. ಆಯಿಯ ಎದುರಿಗೂ ತನ್ನ ಉಪವಾಸದ ಮಾತು ಹೇಳಿದಳು. ಮುದುಕಿ ದೇವಿಯ ಮುಖದ ಕಡೆ ತಿರುಗಿಕೊಂಡೇ ಕೇಳಿಸಿಕೊಂಡಳು.

ಮಾರ್ಗಶಿರದ ಚಳಿ ಶುರುವಾಗಿತ್ತು. ಒಂದು ಮುಂಜಾನೆ ಚಂದ್ರಭಾಗಾ ತಾಟಿನ ಮುಂದೆ ಕುಳಿತು, ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದಕ್ಕ ಅರಿಷಿಣ ಯಾಕ ಹಾಕಿದಿ?"

"ಜ್ವಾಳದ ರೊಟ್ಟಿಗೆ ಅರಿಷಿಣ ಯಾರ ಹಾಕ್ತಾರ್ರಿ ಆಯಿ?"

"ನನಗೇನ ಕಣ್ಣ ಇಲ್ಲೇನು? ಹಾಲಿಗೂ ಹಾಕಿದಿ. ಮಧುಕರನ ಅಂಗಿಗೂ ಬಡದೈತಿ, ನೋಡು."

ಮಧುಕರ ತನ್ನ ಅಂಗಿ ನೋಡಿಕೊಂಡ. ಒಗೆದು ನೀಲಿ ಹಾಕಿದ ಬಿಳಿ ಅಂಗಿ. ಅವನು ನಗಲು ಹೋಗಿ, ಆಯಿಯ ಮುಖ ನೋಡಿ ನಗಲಿಲ್ಲ. ಮುದುಕಿ ರೊಟ್ಟಿ ಮುರಿಯದೆ ತಾಟು ಸರಿಸಿದಳು. ಅಂದು ಸಂಜೆ ದೀಪ ಹಾಕಿದಾಗ, ಬಲ್ಬಿನ ಸುತ್ತ ಬಳೆ ಇದೆ ಎಂದಳು. ಬಂಗಾರದ ಬಳೆ, ಅದು ಮೆಲ್ಲಗೆ ತಿರುಗುತ್ತಿದೆ ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು.

"ಇದು ಅರಿಷಿಣ ಅಲ್ಲೋ ಮಧೂ. ಭಂಡಾರ. ಅವ್ವ ಯಲ್ಲಮ್ಮ ಮನಿ ತುಂಬ ಭಂಡಾರ ಹಾರಿಸ್ಯಾಳ."

ಕುಂದಾ ನರ್ಸಿಂಗ್ ಕಲಿಯುವಾಗ ಈ ಗುಳಿಗೆಯ ಪಾಠದಲ್ಲಿ ಒಂದು ಮಾತು ಬಾಯಿಪಾಠ ಮಾಡಿದ್ದಳು. ಊಟ ಬೇಡವಾಗಿ, ವಾಂತಿಯಾಗಿ, ಕಂಡದ್ದೆಲ್ಲ ಹಳದಿಯಾಗಿ ಕಾಣತೊಡಗಿದರೆ ಗುಳಿಗೆ ಹೆಚ್ಚಾಗಿದೆ ಎಂದು ಅರ್ಥ. ಬಾಟಲಿ ತೆಗೆದು ಸುರುವಿಕೊಂಡು ಎಣಿಸಿದಳು. ಲೆಕ್ಕ ಸರಿಯಾಗಿತ್ತು, ಒಂದೂ ಹೆಚ್ಚು ಹೋಗಿರಲಿಲ್ಲ. ಮರುದಿನ ಡಾಕ್ಟರನ್ನು ಕೇಳಿದಳು. ಗುಳಿಗೆ ಪೂರಾ ನಿಲ್ಲಿಸಿ ಕರೆದುಕೊಂಡು ಬನ್ನಿ, ನೋಡಿದ ಮೇಲೆಯೇ ಹೇಳಬಹುದು ಎಂದರು. ಕುಂದಾ ಬಾಟಲಿಯನ್ನು ತನ್ನ ಟ್ರಂಕಿಗೆ ಹಾಕಿ ಕೀಲಿ ಜಡಿದಳು. ಆದರೆ ಮುದುಕಿ ದವಾಖಾನೆಗೆ ಬರಲು ಸುತರಾಂ ಒಪ್ಪಲಿಲ್ಲ.

ಶುಕ್ರವಾರ ಅವಧೂತ ಎಂದಿನಂತೆ ಬೆಳಗಾವಿಗೆ ಹಂಚು ಇಳಿಸಲು ಬಂದವನು ಮನೆಗೂ ಬಂದ. ಆಯಿಯ ಕಾಲಿಗೆ ಬಿದ್ದು, ಹಣೆಗೆ ಭಂಡಾರ ಹಚ್ಚಿಸಿಕೊಂಡ.

"ಭಾವಾರ, ಆಯಿನ್ನ ದವಾಖಾನಿಗೆ ಕರಕೊಂಡ ಹೋಗೂಣು. ನೀವ ಹೇಳಿದ್ರ ಬರತಾರ," ಅಂದಳು ಕುಂದಾ.

"ದೇವಿ ಬಂದ ಮನ್ಯಾಗ ಡಾಕ್ಟರ್ ಯಾಕ? ನಮ್ಮ ಅಜ್ಜಿ ಮೈಮ್ಯಾಲೂ ಹಿಂಗ ಬರತಿದ್ಲಂತ ಯಲ್ಲಮ್ಮ."

"ನಿಮ್ಮ ಅಜ್ಜಿ ಊಟಾ ಬಿಟ್ಟಿದ್ರೇನು? ಇವ್ರು ತಿಂದದ್ದೆಲ್ಲಾ ಕಕ್ಕಾಕತ್ತಾರ."

"ನೀ ಔಷಧಿ ನಿಲ್ಲಿಸೀಯಂತ. ಆಯಿ ಹೇಳಿದ್ಲು. ಔಷಧಿ ಬಿಡಿಸಿ, ಮ್ಯಾಲ ಕಕ್ಕಾಕತ್ತಾರ ಅಂದ್ರ?"

"ಆ ಗುಳಿಗಿನ ಹಿಂಗ ಮಾಡತೈತಿ ಅಂತ ನಿಲ್ಲಿಸೇನ್ರಿ."

"ನಿಲ್ಲಿಸಿದ ಮ್ಯಾಲ ಕಡಿಮಿ ಆತೇನು?"

ಕಡಿಮೆಯಾಗಿರಲಿಲ್ಲ. ಗುಳಿಗೆ ನಿಂತರೂ ಹಳದಿ ಹೆಚ್ಚುತ್ತಲೇ ಹೋಯಿತು. ಮೊದಲು ರೊಟ್ಟಿ, ಅಂಗಿ. ಆಮೇಲೆ ಗೋಡೆ, ಅಂಗಳ, ಓಣಿಯ ನಾಯಿ. ಮಂದಿಯ ಮುಖಗಳು ದೇವಿಯ ಮುಖದ ಹಾಗೆ ಭಂಡಾರ ಬಳಿದುಕೊಂಡು ಒಳಗೆ ಬರುತ್ತವೆ ಎಂದು ಮುದುಕಿ ಹೇಳುವಳು. ಪಕ್ಕದ ಮನೆಯ ಭರಮವ್ವ ಬಂದು ಕೈಮುಗಿದು ಕುಳಿತಳು. ಅವಳ ಹಿಂದೆ ಓಣಿಯ ಹೆಂಗಸರು ಬಂದರು. ಎಲ್ಲರಿಗೂ ಮುದುಕಿ ಬಟ್ಟಲಿಂದ ಚಿಟಿಕೆ ಭಂಡಾರ ಹಚ್ಚಿ ಕಳಿಸುವಳು. ಕುಂದಾ ಡ್ಯೂಟಿಯಿಂದ ಬಂದರೆ ಮನೆಯ ಹೊಸ್ತಿಲಲ್ಲಿ ಪರರ ಚಪ್ಪಲಿಗಳು, ಒಳಗೆ ಪಿಸುಮಾತು, ನಡುವೆ ಬಿಡಿಬಿಡಿಯಾಗಿ ಮಾತಾಡುವ ಅತ್ತೆ. ತನ್ನ ಮನೆಗೆ ತಾನೇ ಕದ ತಟ್ಟಿ ಬರಬೇಕು ಅನ್ನಿಸುತ್ತಿತ್ತು ಅವಳಿಗೆ.

"ನೀವರೆ ಒಂದ ಮಾತ ಹೇಳ್ರಿ," ಎಂದು ಗಂಡನ ಮೇಲೆ ಹರಿಹಾಯ್ದಳು. "ನಿಮ್ಮ ಹಡದ ತಾಯಿ. ಎದುರಿಗೇ ಒಣಗಾಕತ್ತಾರ."

"ನಾ ಏನ ಹೇಳಲಿ? ನೀ ಗುಳಿಗಿ ಅಂದಿ. ಗುಳಿಗಿ ಟ್ರಂಕಿನ್ಯಾಗ ಅದಾವು. ಈಗ ಏನಂತಿ?"

ಬುಧವಾರ ಮಧ್ಯಾಹ್ನ ಕುಂದಾ ಅತ್ತೆಗೆ ಗಂಜಿ ಕೊಡಲು ಹೋದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮುದುಕಿ ಗಂಜಿಯನ್ನು ನೋಡಲಿಲ್ಲ. ಸೊಸೆಯ ಸೊಂಟದ ಬದಿಗೆ ದಿಟ್ಟಿಸಿ ನೋಡುತ್ತ, "ಆಕಿಗೊಂದೀಟು ಹಾಕು. ಹಸದಾಳ," ಅಂದಳು.

"ಯಾರಿಗ್ರಿ?"

"ನಿನ್ನ ಸೆರಗ ಹಿಡಕೊಂಡ ನಿಂತಾಳಲ್ಲ. ಮೈಯೆಲ್ಲಾ ಭಂಡಾರ. ಮಾತಾಡವಲ್ಲಳು. ಮುಟಿಗಿ ಬಿಗಿ ಮಾಡ್ಯಾಳ, ಹೆಬ್ಬಟ್ಟು ಒಳಗ ಇಟ್ಟು."

ಗಂಜಿಯ ವಾಟಿ ಕುಂದಾಳ ಕೈಯಿಂದ ಜಾರಿತು. ಶಕು ಹೋಗುವಾಗ ಅವಳ ಸೆರಗನ್ನು ಹಿಡಿದಿದ್ದಳು. ಹೆಬ್ಬೆರಳು ಒಳಗಿಟ್ಟು ಬಿಗಿದ ಆ ಮುಷ್ಟಿಯನ್ನು ಕುಂದಾ ಒಬ್ಬಳೇ, ಒಂದೊಂದೇ ಬೆರಳು ಬಿಡಿಸಿ, ತೆರೆದಿದ್ದಳು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಕುಂದಾ ತನ್ನ ಪಕ್ಕಕ್ಕೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ನೆಲದ ಮೇಲೆ ಗಂಜಿ ಹರಿಯುತ್ತಿತ್ತು. ಆದರೂ ಸೆರಗು ಒಂದು ಬದಿಗೆ ಜಗ್ಗಿದ ಹಾಗಾಯಿತು, ಖರೇ ಜಗ್ಗಿತೋ ತನಗೇ ಹಾಗೆನಿಸಿತೋ ಅವಳು ಹೇಳಲಾರಳು.

ಅಂದಿನಿಂದ ಕುಂದಾ ದವಾಖಾನೆಯ ಮಾತು ಎತ್ತಲಿಲ್ಲ. ಮಧುಕರನಿಗೆ ಹಾಯೆನಿಸಿತು. ಸೊಸೆಗೂ ದೇವಿಯ ಮೇಲೆ ನಂಬಿಗೆ ಬಂತೆಂದು ಭರಮವ್ವ ಓಣಿಗೆಲ್ಲ ಹೇಳಿದಳು. ಡ್ಯೂಟಿ ಮುಗಿದ ತಕ್ಷಣ ಕುಂದಾ ಮನೆಗೆ ಓಡಿ ಬರುತ್ತಿದ್ದಳು. ಅತ್ತೆಯ ಹಾಸಿಗೆಯ ಹತ್ತಿರ ಕುಳಿತು, ಆಯಿ, ಅದಾಳೇನ್ರಿ ಎಂದು ಕೇಳುತ್ತಿದ್ದಳು. ಅದಾಳ ಅನ್ನುತ್ತಿದ್ದಳು ಮುದುಕಿ. ಕುಂದಾ ಸೆರಗನ್ನು ಸ್ವಲ್ಪ ಸಡಿಲ ಬಿಟ್ಟು, ಹಿಡಿಯುವವರಿಗೆ ಎಟುಕುವ ಹಾಗೆ ಕೂಡುತ್ತಿದ್ದಳು. ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಬೆಂಚಿನ ಮೇಲಿನ ರೋಗಿಗಳಿಗೆ ಹೇಳಿದ್ದನ್ನೇ ಎರಡು ಸಲ ಹೇಳಿದಳು. ನಾಲ್ಕು ವರ್ಷ ಒಣಗಿದ್ದ ಕರುಳು ಹಸಿಯಾಗಿತ್ತು, ಸುಖವೆಂದರೂ ಅದೇ ಸಂಕಟವೆಂದರೂ ಅದೇ.

ಒಂದು ಸಂಜೆ ಬೇಗ ಬಂದಳು. ಕದ ತೆರೆದೇ ಇತ್ತು. ಮುದುಕಿ ದೇವರ ಜಗಲಿಯ ಮುಂದೆ ಗೋಡೆಗೆ ಒರಗಿ ಕುಳಿತು, ಭಂಡಾರದ ಬಟ್ಟಲಲ್ಲಿ ಬೆರಳು ಆಡಿಸಿ ಏನನ್ನೋ ಹುಡುಕಿ ತೆಗೆದು, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಕುಂದಾ ಹತ್ತಿರ ಹೋಗಿ ಬಟ್ಟಲನ್ನು ಕೆದಕಿದಳು. ಅರಿಷಿಣದ ಕೆಳಗೆ ಗುಳಿಗೆಗಳು. ಅದೇ ಸಣ್ಣ ಗುಳಿಗೆ, ಹಳದಿ ಹತ್ತಿಕೊಂಡದ್ದು.

"ಇದನ್ನ ಯಾರ ತಂದ್ರು ಆಯಿ?"

"ಅವಧೂತ. ಖಾನಾಪುರದ ಅಂಗಡ್ಯಾಗ ಚೀಟಿ ತೋರಿಸಿ ತಂದ. ಮೊದಲ ದೇವಿ ವಾರದ್ದಷ್ಟ ತರತಿದ್ದ. ಅವತ್ತಿಂದು ಅವ್ವನ ಮುಂದ ಇಟ್ಟು, ಮರುದಿನಾ ಪಾರಣಿಗೆ ಪ್ರಸಾದ ಅಂತ ತೊಗೊಳ್ಳೂದು. ನೀ ಪೂರಾ ಬಿಡಿಸಿದ ಮ್ಯಾಲ ದಿನಾಂದು ತಂದ." ಅವಳು ತುಟಿ ಒರೆಸಿಕೊಂಡಳು. "ನೀನ ಹೇಳಿದ್ದಿ ಉಪವಾಸ ಅಂತ."

ಎಲ್ಲ ತಿಳಿಯಿತು. ಆ ಹಳದಿ, ಆ ಬಳೆ, ವಾಂತಿ, ಎಲ್ಲ. ಬಟ್ಟಲನ್ನು ಆಗಲೇ ಕಿತ್ತುಕೊಳ್ಳಬೇಕಿತ್ತು. ಕುಂದಾ ಕಿತ್ತುಕೊಳ್ಳಲಿಲ್ಲ. ಇದು ಹೋದರೆ ಹಳದಿ ಹೋಗುತ್ತದೆ, ಹಳದಿಯ ಸಂಗಡ ಶಕುವೂ ಹೋಗುತ್ತಾಳೆ ಎಂಬುದೂ ಅವಳಿಗೆ ಅದೇ ಗಳಿಗೆಯಲ್ಲಿ ತಿಳಿದಿತ್ತು. ಬಟ್ಟಲನ್ನು ಇದ್ದಲ್ಲೇ ಇಟ್ಟಳು. ಗಂಡನಿಗೆ ಅನ್ನ ಬಡಿಸುವಾಗ ಈ ಮಾತು ಎತ್ತಲಿಲ್ಲ. ಒಂದು ದಿನ, ಒಂದೇ ಒಂದು ದಿನ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಡ್ಯೂಟಿಗೆ ಹೋಗಲಿಲ್ಲ. ಮಧುಕರ ಕಚೇರಿಗೆ ಹೋದ ಮೇಲೆ ಅತ್ತೆಯ ಎದುರು ಕುಳಿತಳು. ಮುದುಕಿ ಬಟ್ಟಲಿಗೆ ಕೈ ಹಾಕಿದಳು. ಕುಂದಾಳ ಕಣ್ಣೆದುರಿಗೇ ಒಂದು ಗುಳಿಗೆ ಬಾಯಿಗೆ ಹೋಯಿತು. ಮಂದಿಗೆ ಗುಳಿಗೆ ಕಲಿಸುವ ಆ ಹೆಣ್ಣುಮಗಳು ನೋಡುತ್ತ ಕುಳಿತಳು. ಅಯ್ಯೋ ಅನ್ನಿ, ಛೀ ಅನ್ನಿ, ಅವಳು ಕುಳಿತಳು.

"ಅದಾಳೇನ್ರಿ ಆಯಿ?"

ಮುದುಕಿಯ ಹಣೆಯಲ್ಲಿ ತಣ್ಣನೆ ಬೆವರು ಮೂಡಿತ್ತು.

"ನಿನ್ನ ಸೆರಗ ಬಿಟ್ಟಳು."

"ಎಲ್ಲಿ ಹೋದ್ಲು?"

"ಇಲ್ಲೇ ಬಂದಾಳ. ನನ್ನ ಬೆರಳ ಹಿಡಕೊಂಡಾಳ." ಅವಳ ತುಟಿಯ ಮೇಲೆ ನಗು ಬಂತು. "ಬಾ ಅಂತ ಜಗ್ಗಾಕತ್ತಾಳ. ತಡಿಯವ್ವಾ, ಏಳತೀನಿ."

ಮುದುಕಿಯ ಕೈ ಗಾಳಿಯಲ್ಲಿ ಮುಂದಕ್ಕೆ ಚಾಚಿ ನಿಂತಿತ್ತು, ಬೆರಳೊಂದನ್ನು ಯಾರೋ ಹಿಡಿದಿದ್ದಂತೆ. ಕುಂದಾ ಆ ಕೈಯನ್ನು ಗಪ್ಪನೆ ಹಿಡಿದಳು. ಚಂದ್ರಭಾಗಾ ಈ ಸಲ ಕೈ ಎಳೆದುಕೊಳ್ಳಲಿಲ್ಲ. ನಾಡಿ ಒಮ್ಮೆ ಬಡಿಯಿತು. ಇನ್ನೊಂದು ಬಡಿತಕ್ಕಾಗಿ ಕುಂದಾ ಕಾದಳು, ಕಾದಳು. ಅದು ಬಂದದ್ದು ಎಷ್ಟೋ ಹೊತ್ತಿನ ಮೇಲೆ.

"ಶಕು," ಎಂದು ಅವಳು ಆ ಖಾಲಿ ಜಾಗಕ್ಕೆ ಹೇಳಿದಳು. "ಅಜ್ಜಿನ್ನ ಬಿಡವ್ವಾ. ಶಾಣ್ಯಾಕಿ ಅಲ್ಲೇನು ನೀ. ಬಿಡು."

ಚಾಚಿದ್ದ ಕೈ ಕುಂದಾಳ ಹಿಡಿತದಿಂದ ಜಾರಿ ಧೊಪ್ಪನೆ ಕೆಳಗೆ ಬಿತ್ತು. ಕುಂದಾ ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಭರಮವ್ವನನ್ನು ಕೂಗಿದಳು. ಇಬ್ಬರೂ ಸೇರಿ ಮುದುಕಿಯನ್ನು ಎತ್ತಿ ಟಾಂಗಾದಲ್ಲಿ ಹಾಕಿದರು. ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಡಿಯಿಂದ ಬೆರಳು ತೆಗೆಯದೆ, ಕುಂದಾ ದಾರಿಯುದ್ದಕ್ಕೂ ಕುದುರೆಯವನನ್ನು ಅವಸರಿಸಿದಳು.

ಮುದುಕಿ ಉಳಿದಳು. ಇನ್ನೊಂದು ದಿನ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆ ಮಾತು ಕುಂದಾಳ ಹೊಟ್ಟೆಯಲ್ಲಿ ಇಂದಿಗೂ ಕೂತಿದೆ. ಹಳದಿ ಮೆಲ್ಲಗೆ ಇಳಿಯಿತು. ಮೊದಲು ಗೋಡೆ ಬಿಳಿಯಾಯಿತು, ಆಮೇಲೆ ಹಾಸಿಗೆ, ಕೊನೆಗೆ ಮಂದಿಯ ಮುಖ. ಖಾನಾಪುರದಿಂದ ಓಡಿ ಬಂದ ಅವಧೂತ ವರಾಂಡದ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದ.

"ನನ್ನ ಕೈಯಾರೆ ವಿಷಾ ತಂದ ಕೊಟ್ನಿ ಅನ್ನು."

"ಇಲ್ಲರಿ ಭಾವಾರ. ನೀವು ಆಯಿಗೆ ಆರಾಮ ಆಗಲಿ ಅಂತ ತಂದ್ರಿ. ತಪ್ಪು ನನ್ನ ಮಾತಿನ್ಯಾಗ ಇತ್ತು. ಉಪವಾಸ ಅಂದ್ನಿ. ಉಪವಾಸ ಅಂದ್ರ ಮರುದಿನಾ ಪಾರಣಿ ಇದ್ದ ಇರತೈತಿ. ಅದು ನನಗ ಹೊಳೀಲಿಲ್ಲ."

"ಈಗ ಹೆಂಗ ಹೇಳತಿ ಮಂದಿಗೆ?"

"ಬಿಟ್ಟ ದಿನದ್ದು ಬಿಟ್ಟಂಗ. ಮರುದಿನಾ ಕೂಡಿಸಿ ತೊಗೊಳ್ಳಾಂಗಿಲ್ಲ, ಬ್ಯಾರೆ ಕಡಿಂದ ತರಾಂಗಿಲ್ಲ. ಈಗ ನೀವ ನನಗ ತಿರುಗಿ ಹೇಳ್ರಿ, ನೋಡೂಣು."

ಅವಧೂತ ಶಾಲೆಯ ಹುಡುಗನ ಹಾಗೆ ತಿರುಗಿ ಹೇಳಿದ. ಎಲ್ಲೋ ತಪ್ಪಿದ, ಕುಂದಾ ಮತ್ತೊಮ್ಮೆ ಹೇಳಿಸಿದಳು. ಅಂದಿನಿಂದ ಆ ಬೆಂಚಿನಲ್ಲಿ ಅದೇ ರೂಢಿಯಾಯಿತು. ತಾನು ಹೇಳಿದ್ದನ್ನು ಅವರ ಬಾಯಿಂದ ಕೇಳದೆ ಅವಳು ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಬಟ್ಟಲು ಕಂಡ ಸಂಜೆ ತಾನು ಮಾಡಿದ್ದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಚಂದ್ರಭಾಗಾ ಮನೆಗೆ ಬಂದು, ಒಲೆಯ ಮುಂದೆ ಕುಳಿತು ಊಟ ಮಾಡುವಷ್ಟಾದಳು. ಮುಂಜಾನೆ ಕೇಳದೆಯೇ ನಾಡಿಗೆ ಕೈ ಚಾಚುವಳು. ಉಳಿದಂತೆ ಹಳೆಯ ಮುದುಕಿಯೇ. ಪಲ್ಯಕ್ಕೆ ಖಾರ ಕಡಿಮೆ ಎಂದಳು, ರೊಟ್ಟಿ ದಪ್ಪ ಎಂದಳು. ಮಧುಕರ ಉಂಡು ಎದ್ದು ಹೋದ ಮೇಲೆ ಕುಂದಾ ರೊಟ್ಟಿ ಬಡಿಯುತ್ತ, ಕೇಳಬಾರದೆಂದುಕೊಂಡದ್ದನ್ನು ಕೇಳಿಬಿಟ್ಟಳು.

"ಆಯಿ, ಅವತ್ತ ಶಕು ನಿಮ್ಮ ಬೆರಳ ಬಿಟ್ಟ ಹೋಗಾಗ ಏನರೆ ಅಂದ್ಲೇನ್ರಿ?"

"ಯಾವ ಶಕು?" ಮುದುಕಿಯ ಕೈ ತುತ್ತಿನಲ್ಲೇ ನಿಂತಿತು. "ನಮ್ಮ ಶಕು ಏನು? ಆಕಿ ಎಲ್ಲಿ ಬಂದಿದ್ಲು? ಏನ ಮಾತಾಡತಿ?"

ಅವಳಿಗೆ ಏನೊಂದೂ ನೆನಪಿರಲಿಲ್ಲ. ಭಂಡಾರದ ಮನೆ, ಕೈಮುಗಿದ ಹೆಂಗಸರು, ಸೆರಗು ಹಿಡಿದ ಕೂಸು, ಎಲ್ಲ ತೊಳೆದು ಹೋಗಿತ್ತು. ಏನಿಲ್ಲ ಬಿಡ್ರಿ ಎಂದು ಕುಂದಾ ಒಲೆಯ ಕಡೆ ಮುಖ ತಿರುಗಿಸಿದಳು. ರೊಟ್ಟಿ ಹಂಚಿನ ಮೇಲೆ ಹೊತ್ತುವುದು ಕಂಡರೂ ತಿರುವಲಿಲ್ಲ. ಅವಳ ಬೆನ್ನು ಅಲುಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಮುದುಕಿಯ ದನಿ ಬಂತು.

"ಹಾಂ, ನೆನಪಾತ ನೋಡು. ಬಂದಿದ್ಲು. ಚಂದ ಇದ್ಲು, ಮೈ ಕೈ ತುಂಬಕೊಂಡು. ನಕ್ಕೋತ ಹೋದ್ಲು. ನಮ್ಮವ್ವಗ ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಹೇಳಜ್ಜಿ ಅಂದ್ಲು."

ಕುಂದಾ ತಿರುಗಿ ನೋಡಿದಳು. ಸುಳ್ಳೆಂದು ಅವಳಿಗೆ ಗೊತ್ತಾಯಿತು. ಗೊತ್ತಾಯಿತೆಂದು ಮುದುಕಿಗೂ ತಿಳಿಯಿತು. ಚಂದ್ರಭಾಗಾ ತಾನೇ ಎದ್ದು, ಹೊತ್ತಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ಬುಟ್ಟಿಯಿಂದ ಒಳ್ಳೆಯದೊಂದನ್ನು ಆರಿಸಿ, ಪಲ್ಯ ಹಚ್ಚಿ ಸೊಸೆಯ ಮುಂದೆ ಇಟ್ಟಳು.

"ಕುಂದರು. ಮೊದಲ ತಿನ್ನು," ಅಂದಳು.

ಕುಂದಾ ಅತ್ತೆಯ ಬದಿಗೆ ಕುಳಿತು ರೊಟ್ಟಿ ಮುರಿದಳು.